ಕೂಗಿದ ಅಳತೆ

ತನ್ನ ಸೊಂಟದ ಅಳತೆ ತನಗೇ ಗೊತ್ತಿಲ್ಲ ಎಂಬುದನ್ನು ದರ್ಜಿ ಮನೆಯ ಮಗಳು ಸೂಜಿ ದಿನಚರಿಯಲ್ಲಿ ಒಪ್ಪಿಕೊಂಡದ್ದು ಒಂದು ಮಂಗಳವಾರ. ‘ಮನೆಯಲ್ಲಿ ಯಾರೂ ಇರಲಿಲ್ಲ. ಟೇಪು ಸುತ್ತಿಕೊಂಡೆ. ಅಂಕಿ ನೋಡಬೇಕು ಅನ್ನುವಷ್ಟರಲ್ಲಿ ಕಣ್ಣು ಮುಚ್ಚಿಕೊಂಡೆ. ಹಾಗೇ ಬಿಚ್ಚಿ ಗೂಟಕ್ಕೆ ಹಾಕಿದೆ’ ಎಂದು ಬರೆದು, ಕೊನೆಯಲ್ಲಿ ‘ನಗಬೇಡ’ ಎಂದು ಸೇರಿಸಿದಳು. ಯಾರು ನಗಬಾರದು ಎಂಬುದು ಅವಳಿಗೂ ಗೊತ್ತಿರಲಿಲ್ಲ. ಆ ಪುಸ್ತಕವನ್ನು ಅವಳ ಹೊರತು ಓದುವವರೇ ಇರಲಿಲ್ಲ.

ಆದರೆ ನಗು ಬರುವಂಥದ್ದೇ. ಸುತ್ತಮುತ್ತಲ ಏಳೆಂಟು ಬೀದಿಗಳ ಆರುನೂರು ಹೆಂಗಸರ ಸೊಂಟ ಅವಳ ಕೈಬರಹದಲ್ಲಿತ್ತು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಮೆಷಿನ್ನು, ಬಟ್ಟೆ ಕತ್ತರಿಸುವ ಮೇಜು, ಆಳೆತ್ತರದ ಕನ್ನಡಿ, ಕಾಯುವವರಿಗೊಂದು ಬೆಂಚು. ಬೆಂಚಿನ ಪಕ್ಕದ ಪರದೆ ಸರಿಸಿದರೆ ಅಡುಗೆಮನೆ. ಒಗ್ಗರಣೆ ಹಾಕಿದರೆ ಗಿರಾಕಿ ಸೀನುತ್ತಾಳೆ, ಗಿರಾಕಿ ಸೀನಿದರೆ ಅಡುಗೆಮನೆಯಲ್ಲಿ ಕೇಳುತ್ತದೆ. ಅಲ್ಲಿ ಹೊಲಿಯುವುದು ಸ್ಕರ್ಟು ಮಾತ್ರ. ಅಂಗಡಿ ಶುರು ಮಾಡಿದ ಅಜ್ಜಿ ಅದನ್ನು ಇವತ್ತಿಗೂ ಲಂಗ ಎಂದೇ ಕರೆಯುತ್ತಾಳೆ. ಅಜ್ಜಿಯ ಕೈ ನಡುಗತೊಡಗಿದ ಮೇಲೆ ಕತ್ತರಿ ಸೊಸೆಯ ಕೈಗೆ, ಅಂದರೆ ಅಮ್ಮನ ಕೈಗೆ ಬಂತು. ಅಜ್ಜಿ ಈಗ ಅಂಚು ಹೊಲಿಯುವುದು, ಗುಂಡಿ ಹಚ್ಚುವುದು, ಎಲ್ಲದಕ್ಕೂ ಅಭಿಪ್ರಾಯ ಕೊಡುವುದು, ಇಷ್ಟು ಮಾಡುತ್ತಾಳೆ. ಅಪ್ಪ ಸರಕಿನ ಲಾರಿಯವನು. ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆಯೇ ಇರುವುದರಿಂದ ಮನೆಯ ಜಗಳಗಳು ಅವನಿಗೆ ತಣ್ಣಗಾದ ಮೇಲೆಯೇ ಸಿಗುತ್ತವೆ. ಅಣ್ಣ ಲಿಫ್ಟು ರಿಪೇರಿ ಮಾಡುತ್ತಾನೆ. ಡಿಗ್ರಿ ಮುಗಿಸಿ ಎರಡು ವರ್ಷವಾದ ಸೂಜಿ, ಕೆಲಸ ಸಿಗುವವರೆಗೆ ಎಂದುಕೊಂಡು, ಅಂಗಡಿಯ ಅಳತೆ ಪುಸ್ತಕ ನೋಡಿಕೊಳ್ಳುತ್ತಿದ್ದಳು.

ಸೂಜಿ ಎಂದು ಹೆಸರಿಟ್ಟದ್ದು ಅಜ್ಜಿ. ಏಳು ವರ್ಷದವಳಿದ್ದಾಗ ಅವಳು ಅಷ್ಟು ತೆಳ್ಳಗಿದ್ದಳು. ಈಗ ಹಾಗಿರಲಿಲ್ಲ. ಹೆಸರು ಮಾತ್ರ ಹಾಗೇ ಉಳಿದುಕೊಂಡಿತ್ತು. ಯಾರಾದರೂ ಹೊಸಬರ ಮುಂದೆ ಅಮ್ಮ “ಸೂಜೀ” ಎಂದು ಕರೆದರೆ, ಬಂದವರು ಮೊದಲು ಹೆಸರು ಕೇಳಿ, ಆಮೇಲೆ ಅವಳನ್ನು ನೋಡಿ, ಆಮೇಲೆ ಗೋಡೆ ನೋಡುತ್ತಿದ್ದರು. ಅವಳು ಹಾಕುತ್ತಿದ್ದದ್ದು ಅಮ್ಮ ಹೊಲಿದ, ಲಾಡಿ ಕಟ್ಟುವ, ಕಪ್ಪು ಬಣ್ಣದ, ದಟ್ಟ ನೆರಿಗೆಯ ಸ್ಕರ್ಟು. ಅಂಥವು ಐದಿದ್ದವು.

ಅಂಗಡಿಗೆ ಅಜ್ಜಿಯ ಕಾಲದಿಂದ ಒಂದು ಪದ್ಧತಿ ಇತ್ತು. ಟೇಪು ಹಿಡಿದವರು ಸೊಂಟವನ್ನೂ ಹಿಪ್ಪನ್ನೂ ಇದ್ದದ್ದಕ್ಕಿಂತ ಎರಡು ಇಂಚು ಕಡಿಮೆ ಮಾಡಿ ಕೂಗಬೇಕು. ಪುಸ್ತಕ ಹಿಡಿದವರು ಅದಕ್ಕೆ ಎರಡು ಸೇರಿಸಿ ಬರೆಯಬೇಕು. ಉದ್ದ ಮಾತ್ರ ಇದ್ದ ಹಾಗೇ.

“ಬೆಂಚಿನ ಮೇಲೆ ನಾಲ್ಕು ಜನ ಕೂತಿರ್ತಾರೆ ಕಣೇ,” ಅಜ್ಜಿ ವಿವರಿಸುವಳು. “ಅಷ್ಟು ಜನರ ಮುಂದೆ ಒಬ್ಬಳ ಸೊಂಟ ನಲವತ್ತು ಅಂತ ಕೂಗಿದ್ರೆ ಆ ಹೆಂಗಸು ಮತ್ತೆ ಈ ಬಾಗಿಲು ತುಳೀತಾಳಾ? ಮೂವತ್ತೆಂಟು ಅನ್ನು. ಖುಷಿಯಾಗಿ ಮನೆಗೆ ಹೋಗಿ ಎರಡು ತುತ್ತು ಜಾಸ್ತಿ ಉಣ್ಲಿ.”

ಗಿರಾಕಿಗಳಿಗೆ ಇದು ಗೊತ್ತಿತ್ತೋ ಇಲ್ಲವೋ, ಯಾರೂ ಬಾಯಿ ಬಿಟ್ಟಿರಲಿಲ್ಲ. ನಲವತ್ತು ವರ್ಷ ಎಲ್ಲರೂ ಎರಡಿಂಚು ತೆಳ್ಳಗೆ ಬಂದು, ಎರಡಿಂಚು ತೆಳ್ಳಗೆ ಹೋಗಿದ್ದರು.

ಅತ್ತಿಗೆ ಈ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಅದಕ್ಕೆ ಮೊದಲು ಆರು ವರ್ಷ ದೊಡ್ಡ ರೆಡಿಮೇಡ್ ಅಂಗಡಿಯೊಂದರ ಸ್ಕರ್ಟು ವಿಭಾಗದಲ್ಲಿ ನಿಂತು ನಿಂತು ಅವಳ ಕಣ್ಣೇ ಟೇಪಾಗಿತ್ತು. ಬಾಗಿಲಲ್ಲಿ ಯಾರಾದರೂ ಕಾಣಿಸಿಕೊಂಡರೆ, ಅವರು ಚಪ್ಪಲಿ ಬಿಡುವಷ್ಟರಲ್ಲಿ ಯಾವ ಸ್ಕರ್ಟು ಒಪ್ಪುತ್ತದೆಂದು ಹೇಳಿಬಿಡುವಳು. ಆ ಕೆಲಸ ಬಿಟ್ಟು ಮನೆಯ ಅಂಗಡಿಗೇ ಬಾ ಎಂದು ಕರೆದದ್ದು ಅಮ್ಮನೇ. ಅಜ್ಜಿ ಬೇಡ ಎನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ.

ಬಂದ ಎರಡನೆಯ ವಾರ ಅತ್ತಿಗೆ ಒಂದು ದೊಡ್ಡ ಹಾಳೆಯ ಮೇಲೆ ಐದು ಹೆಂಗಸರ ಚಿತ್ರ ಬರೆದು ಕನ್ನಡಿಯ ಪಕ್ಕ ಅಂಟಿಸಿದಳು. ಒಬ್ಬೊಬ್ಬಳಿಗೂ ಒಂದೊಂದು ಬಗೆಯ ಸ್ಕರ್ಟು.

ಅಜ್ಜಿ ಕನ್ನಡಕ ಏರಿಸಿ ನೋಡಿದಳು. “ಇವಕ್ಕೆ ತಲೆ ಎಲ್ಲಿ?”

“ಸ್ಕರ್ಟಿಗೆ ತಲೆ ಯಾಕೆ ಅಜ್ಜಿ?”

“ಹಾಕ್ಕೊಳ್ಳೋಳಿಗೆ ಬೇಕಲ್ಲ.”

“ತಲೆ ಹಾಕಿದ್ರೆ ಎಲ್ರೂ ಮುಖ ನೋಡ್ತಾರೆ. ಇದು ಮೈಕಟ್ಟು ನೋಡೋಕೆ,” ಎಂದು ಅತ್ತಿಗೆ ಅಡಿಕೋಲು ಹಿಡಿದು ಒಂದೊಂದನ್ನೇ ತೋರಿಸಿದಳು. “ಇವಳು ಗಿಡ್ಡ. ಇವಳಿಗೆ ಮೊಣಕಾಲಿನ ಹತ್ತಿರ ನಿಲ್ಲೋದು. ಪಾದದವರೆಗೆ ಬಿಟ್ರೆ ಇನ್ನೂ ಗಿಡ್ಡ ಕಾಣ್ತಾಳೆ. ಇವಳಿಗೆ ಹೊಟ್ಟೆ ಮುಂದೆ. ನೆರಿಗೆ ಇರ್ಲಿ, ಆದ್ರೆ ಮೇಲಿನ ಒಂದು ಗೇಣು ಹೊಲಿದು ಕೂರಿಸಬೇಕು. ಇವಳು ಕಡ್ಡಿ. ಇವಳಿಗೆ ಮಾತ್ರ ನಿಮ್ಮ ಸುತ್ತ ನೆರಿಗೆ ಲಂಗ ಚೆಂದ, ಅಜ್ಜಿ.”

“ನಾನು ಎಲ್ರಿಗೂ ಅದನ್ನೇ ಹೊಲಿದೆ. ಯಾರೂ ಸತ್ತಿಲ್ಲ.”

“ಸಾಯೋಕೆ ಯಾರೂ ಸ್ಕರ್ಟು ಹೊಲಿಸಲ್ಲ ಅಜ್ಜಿ. ಚೆಂದ ಕಾಣೋಕೆ ಹೊಲಿಸ್ತಾರೆ.”

ಅಮ್ಮ ಬಾಯಲ್ಲಿದ್ದ ಗುಂಡುಸೂಜಿ ತೆಗೆದು, “ಸಾಕು, ಇಬ್ರೂ ಕೆಲಸ ನೋಡಿ,” ಎಂದಳು. ಸೂಜಿ ತಲೆ ಎತ್ತಲಿಲ್ಲ. ಆದರೆ ಆ ಸಂಜೆ ದಿನಚರಿಯಲ್ಲಿ ಬರೆದಳು: ‘ಅತ್ತಿಗೆ ಬಂದ ಮೇಲೆ ಅಂಗಡಿಯ ಗಾಳಿಯೇ ಬೇರೆ ಆಗಿದೆ. ಅವರು ಮಾತಾಡಿಸಿದರೆ ನನಗೂ ಮಾತು ಬರುತ್ತದೆ.’

ಮೂರನೆಯ ತಿಂಗಳಲ್ಲಿ ಅಮ್ಮ ಹೇಳಿದಳು, “ಸೂಜಿ, ಅತ್ತಿಗೆಗೆ ಪುಸ್ತಕ ಹೇಳ್ಕೊಡು. ನಿಂಗೆ ಪರೀಕ್ಷೆ ಗಿರೀಕ್ಷೆ ಅಂತ ಓಡಾಟ ಇರುತ್ತೆ. ಎಲ್ಲಾ ಹೇಳ್ಕೊಡು. ಅದನ್ನೂ ಸೇರಿಸಿ.”

ಅದನ್ನೂ ಎಂದರೆ ಎರಡಿಂಚು. ಸೂಜಿ ತಲೆಯಾಡಿಸಿದಳು.

ಅಡುಗೆಮನೆಯ ಮೇಜಿನ ಮೇಲೆ ಬಟಾಣಿ ಸುಲಿಯುತ್ತ ಇಬ್ಬರೂ ಕೂತರು. ಸೂಜಿ ಒಂದೊಂದೇ ಕಾಲಂ ತೋರಿಸಿದಳು: ಸೊಂಟ, ಹಿಪ್ಪು, ಉದ್ದ, ಜಿಪ್ಪು ಎಡಕ್ಕೋ ಹಿಂದಕ್ಕೋ, ಜೇಬು ಬೇಕೋ ಬೇಡವೋ. ಅತ್ತಿಗೆ ಒಮ್ಮೆ ಕೇಳಿದ್ದನ್ನು ಎರಡನೆಯ ಸಲ ಕೇಳುತ್ತಿರಲಿಲ್ಲ. ಪುಟಗಳನ್ನು ಮಗುಚುತ್ತ, “ಇದ್ರಲ್ಲಿ ನಿನ್ನ ಪುಟ ಎಲ್ಲಿ?” ಎಂದಳು.

“ಇಲ್ಲ.”

“ಇಲ್ಲ ಅಂದ್ರೆ? ದರ್ಜಿ ಮನೆ ಮಗಳು, ಅಳತೆ ಇಲ್ವಾ?”

“ಲಾಡಿ ಸ್ಕರ್ಟಿಗೆ ಅಳತೆ ಬೇಕಾಗಲ್ಲ ಅತ್ತಿಗೆ.”

“ಎದ್ದು ನಿಲ್ಲು ನೋಡೋಣ.” ಅತ್ತಿಗೆ ಬಟಾಣಿಯ ಕೈಯಲ್ಲೇ ಅವಳನ್ನು ಒಂದು ಸುತ್ತು ತಿರುಗಿಸಿದಳು. “ಅಯ್ಯೋ ಪೆದ್ದೇ. ನೆರಿಗೆ ಇರೋ ಕಡೆ ಬಟ್ಟೆ ಮೂರು ಪದರ ಆಗುತ್ತೆ. ಹಿಪ್ಪು ಅಗಲ ಇರೋಳು ಅದರ ಮೇಲೆ ಇನ್ನೂ ಮೂರು ಪದರ ಹೊದ್ಕೊಂಡ್ರೆ ಏನಾಗುತ್ತೆ? ಅಡಗಿಸೋಕೆ ಹೋಗಿ ಡಂಗುರ ಹೊಡೀತಿದೀಯ. ನಿಂಗೆ ಸೊಂಟದ ಹತ್ರ ಚಪ್ಪಟೆ ಕೂರಬೇಕು, ಕೆಳಗೆ ಬರ್ತಾ ಬರ್ತಾ ಬಿಚ್ಚಿಕೊಳ್ಳಬೇಕು. ಎ-ಲೈನ್. ಇಲ್ಲಾಂದ್ರೆ ಆರು ತುಂಡು ಜೋಡಿಸಿದ್ದು. ನಾನೇ ಕತ್ತರಿಸಿಕೊಡ್ತೀನಿ. ಸರಿಯಾಗಿ ಎಷ್ಟು ನಿಂದು?”

ಸೂಜಿಯ ಕಿವಿ ಬಿಸಿಯಾಯಿತು. ಎರಡಿಂಚಿನ ವಿಷಯ ಅವಳ ನಾಲಗೆಯ ತುದಿಯಲ್ಲಿತ್ತು. ಹೇಳಿದರೆ ಅತ್ತಿಗೆ ನಕ್ಕು, ಹಾಗಾದರೆ ನಿಂದು ಕೂಗಿದ್ದು ಬೇಡ, ನಿಜದ್ದು ಹೇಳು ಎನ್ನುವುದು ಖಂಡಿತ. ಟೇಪು ಅತ್ತಿಗೆಯ ಕೊರಳಲ್ಲೇ ನೇತಾಡುತ್ತಿತ್ತು. ಪರದೆಯ ಆಚೆ ಬೆಂಚಿನ ಮೇಲೆ ಇಬ್ಬರು ಕೂತಿದ್ದರು.

ಅವಳು ಪುಸ್ತಕ ಮುಚ್ಚಿ, “ಅಷ್ಟೇ ಅತ್ತಿಗೆ. ಇನ್ನೇನಿಲ್ಲ,” ಎಂದಳು.

“ಇಷ್ಟೇನಾ? ಇದಕ್ಕೆ ಡಿಗ್ರಿ ಬೇಕಾ?” ಅತ್ತಿಗೆ ನಕ್ಕು ಬಟಾಣಿಯ ಬಟ್ಟಲು ಎತ್ತಿಕೊಂಡು ಹೋದಳು. ನಾಳೆ ಹೇಳಿದರಾಯಿತು ಎಂದುಕೊಂಡಳು ಸೂಜಿ. ಮರುದಿನ ನೆಂಟರು ಬಂದರು. ಅದರ ಮರುದಿನ ಮೆಷಿನ್ನು ಕೆಟ್ಟಿತು. ಆಮೇಲೆ ಆ ಮಾತಿಗೆ ವಯಸ್ಸಾಗಿಹೋಯಿತು.

ಹಾಡಿನ ಗುಂಪಿನವರು ಬಂದದ್ದು ಆಗಲೇ. ಹನ್ನೊಂದು ಜನ ಹೆಂಗಸರು, ಅವರಿಗೊಬ್ಬಳು ಹಾಡಿನ ಟೀಚರು. ಇನ್ನು ಐದು ವಾರಕ್ಕೆ ಅವರ ಕಾರ್ಯಕ್ರಮ. ಎಲ್ಲರಿಗೂ ಒಂದೇ ಬಣ್ಣದ ಸ್ಕರ್ಟು ಬೇಕು. ಕಡು ಹಸಿರು ಬಟ್ಟೆಯ ಒಂದಿಡೀ ಸುರುಳಿ ಅವರೇ ತಂದಿದ್ದರು.

ಆ ಸಂಜೆ ಊಟಕ್ಕೆ ಕೂತಾಗ ಅತ್ತಿಗೆ ಶುರು ಮಾಡಿದಳು. “ಅತ್ತೆ, ಬಟ್ಟೆ ಒಂದೇ ಆದ್ರೆ ಕಟಿಂಗೂ ಒಂದೇ ಯಾಕಿರಬೇಕು? ಹನ್ನೊಂದು ಜನಕ್ಕೂ ಅವರವರಿಗೆ ಒಪ್ಪೋದು ಮಾಡೋಣ. ದೂರದಿಂದ ಎಲ್ಲಾ ಒಂದೇ ಥರ ಕಾಣುತ್ತೆ, ಹತ್ರದಿಂದ ಒಬ್ಬೊಬ್ಬರೂ ಚೆಂದ ಕಾಣ್ತಾರೆ.”

ಅಜ್ಜಿ ಆಲೂಗಡ್ಡೆಯ ಸಿಪ್ಪೆ ತೆಗೆದು ತಟ್ಟೆಯಂಚಿಗೆ ಒತ್ತಿದಳು. “ಹನ್ನೊಂದು ಲಂಗಕ್ಕೆ ಹನ್ನೊಂದು ತಲೆನೋವು.”

“ಜಿಪ್ಪು ಹಾಕಿ, ಗಟ್ಟಿ ಸೊಂಟಪಟ್ಟಿ ಕೊಟ್ಟು ಮಾಡಿದ್ರೆ ನೋಡಿ ಹೇಗೆ ಕೂರುತ್ತೆ!”

“ಲಾಡಿ ಇದ್ರೆ ಹೆಚ್ಚು ಕಡಿಮೆ ಆದ್ರೂ ನಡೆಯುತ್ತೆ,” ಅಮ್ಮ ಅನುಮಾನದಿಂದಲೇ ಹೇಳಿದಳು.

“ಅಳತೆ ಸರಿ ಇದ್ರೆ ಹೆಚ್ಚು ಕಡಿಮೆ ಯಾಕಾಗುತ್ತೆ?”

“ನನ್ನ ಹೆಂಡತಿ ಹೇಳಿದ್ದನ್ನ ಕೇಳಮ್ಮ,” ಅಣ್ಣ ಬಾಯಿ ತುಂಬಾ ಅನ್ನ ಇಟ್ಟುಕೊಂಡೇ ಅಂದ. “ಕೇಳ್ಲಿಲ್ಲ ಅಂದ್ರೆ ನಾಳೆನೂ ಇದೇ ಹೇಳ್ತಾಳೆ.”

ಅಮ್ಮ ಒಪ್ಪಿದಳು. ಅಜ್ಜಿ ಎದ್ದು ತಟ್ಟೆ ತೊಳೆದಳು. ಅವಳು ತಟ್ಟೆ ತೊಳೆಯುವ ಸದ್ದಿನಲ್ಲೇ ಮನೆಯವರಿಗೆ ಅವಳ ಅಭಿಪ್ರಾಯ ತಿಳಿಯುತ್ತಿತ್ತು.

ಅಳತೆ ತೆಗೆದ ದಿನ ಸೂಜಿ ಮನೆಯಲ್ಲಿರಲಿಲ್ಲ. ಗ್ರಂಥಾಲಯದ ಒಂದು ಕೆಲಸಕ್ಕೆ ಪರೀಕ್ಷೆ ಬರೆಯಲು ಹೋಗಿದ್ದಳು. ಹನ್ನೊಂದನೆಯ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದಾಗ ಅವಳಿಗೆ ಥಟ್ಟನೆ ಎರಡಿಂಚು ನೆನಪಾಯಿತು. ಪೆನ್ನು ನಿಂತಿತು. ಅಮ್ಮ ಹೇಳಿರುತ್ತಾಳೆ ಎಂದುಕೊಂಡಳು. ಪೆನ್ನು ಮುಂದೆ ಹೋಯಿತು.

ಅಮ್ಮ ಹೇಳಿರಲಿಲ್ಲ. ಹೇಳಲು ಆಗುವಂತೆಯೂ ಇರಲಿಲ್ಲ, ಏಕೆಂದರೆ ಹನ್ನೊಂದು ಜನ ಅಲ್ಲೇ ನಿಂತಿದ್ದರು. ಆಮೇಲೆ ಎಲ್ಲರ ಬಾಯಿಂದ ತುಂಡು ತುಂಡಾಗಿ ಸೂಜಿ ಕೇಳಿದ್ದು ಇಷ್ಟು: ಅಮ್ಮ ಮೊದಲನೆಯವಳ ಸೊಂಟಕ್ಕೆ ಟೇಪು ಸುತ್ತಿ “ಮೂವತ್ತು” ಎಂದಳು. ಮೇಜಿನ ಬಳಿ ಪುಸ್ತಕ ಹಿಡಿದು ಕೂತಿದ್ದ ಅತ್ತಿಗೆ ತಲೆ ಎತ್ತಿ ಆ ಹೆಂಗಸನ್ನೊಮ್ಮೆ ನೋಡಿ, “ಮೂವತ್ತೇನಾ ಅತ್ತೆ?” ಎಂದು ಕೇಳಿದಳು. ಅಮ್ಮ ಕಣ್ಣರಳಿಸಿ, “ಹೂಂ, ಬರಿ, ಬರಿ. ಗೊತ್ತಲ್ಲ,” ಎಂದಳು. ಗೊತ್ತಲ್ಲ ಎಂದು ಅವಳು ಅಂದದ್ದು ಎರಡಿಂಚಿನ ಬಗ್ಗೆ. ಅತ್ತಿಗೆಗೆ ತಿಳಿದದ್ದು, ಗಿರಾಕಿಗಳ ಮುಂದೆ ಅತ್ತೆಯ ಟೇಪನ್ನು ಅನುಮಾನಿಸಬಾರದು ಎಂದು. ತನ್ನ ಕಣ್ಣಿಗೇ ಏನೋ ಆಗಿದೆ ಎಂದುಕೊಂಡು, ಅತ್ತೆ ಕೂಗಿದ್ದನ್ನು ಕೂಗಿದ ಹಾಗೇ, ದುಂಡಗೆ, ಹನ್ನೊಂದು ಸಲ ಬರೆದಳು.

ಎರಡು ವಾರ ಅಮ್ಮ ಮತ್ತು ಅತ್ತಿಗೆ ಎದುರುಬದುರು ಕೂತು ದುಡಿದರು. ಬಟ್ಟೆ ಸಾಲದು ಎಂದು ಹೊಲಿಗೆಯ ಒಳಗಡೆ ಅರ್ಧ ಇಂಚು ಬಟ್ಟೆಯಷ್ಟೇ ಬಿಟ್ಟರು. ಅಡುಗೆ ಸೂಜಿಯ ಪಾಲಿಗೆ ಬಂತು. ಮೂರು ದಿನ ಬೇಳೆ, ನಾಲ್ಕನೆಯ ದಿನ ಮೊಟ್ಟೆ, ಐದನೆಯ ದಿನ ಅಣ್ಣ, “ಬೇಳೆಗೆ ರಜಾ ಇಲ್ವಾ?” ಎಂದ. ಸ್ಕರ್ಟುಗಳು ಒಂದೊಂದಾಗಿ ಗೋಡೆಯ ಗೂಟಗಳಿಗೇರಿದವು. ಬೇಡವೆಂದಿದ್ದ ಅಜ್ಜಿಯೂ ಯಾರೂ ಇಲ್ಲದಾಗ ಒಂದನ್ನು ಮುಟ್ಟಿ, ಒಳಹೊಲಿಗೆ ತಿರುಗಿಸಿ ನೋಡಿದ್ದನ್ನು ಸೂಜಿ ಕಂಡಳು.

ಹಾಕಿ ನೋಡುವ ದಿನ ಹನ್ನೊಂದು ಜನರೂ ಬಂದರು. ಮೊದಲನೆಯವಳ ಹುಕ್ಕು ಕೂರಲಿಲ್ಲ. ಎರಡನೆಯವಳದ್ದೂ ಕೂರಲಿಲ್ಲ. ಮೂರನೆಯವಳು ಗುಂಪಿನಲ್ಲೇ ದೊಡ್ಡ ದನಿಯವಳು. ಅವಳು ಉಸಿರು ಬಿಗಿಹಿಡಿದು ಹೇಗೋ ಹಾಕಿಕೊಂಡಳು.

“ಈಗ ಒಂದು ಸ್ವರ ಎತ್ತು ನೋಡೋಣ,” ಎಂದಳು ಹಾಡಿನ ಟೀಚರು.

ದೊಡ್ಡ ದನಿಯವಳು ಸ್ವರ ಎತ್ತಿದಳು. ಹುಕ್ಕು ಕಿತ್ತು ಕನ್ನಡಿಗೆ ಠಣ್ ಎಂದು ಬಡಿಯಿತು.

ಬೆಂಚಿನವರು ನಕ್ಕರು. ನಾಲ್ಕನೆಯವಳಿಗೂ ಕೂರಲಿಲ್ಲ ಎಂದಾಗ ನಗು ನಿಂತಿತು. ಅಮ್ಮ ಸ್ಕರ್ಟಿನ ಸೊಂಟಪಟ್ಟಿಗೆ ಟೇಪು ಹಿಡಿದಳು. ಪುಸ್ತಕದಲ್ಲಿದ್ದಷ್ಟೇ ಇತ್ತು. ಹೆಂಗಸಿನ ಸೊಂಟಕ್ಕೆ ಟೇಪು ಹಿಡಿದಳು. ಎರಡು ಇಂಚು ಜಾಸ್ತಿ. ಅಮ್ಮನ ಮುಖದ ಬಣ್ಣ ಇಳಿಯಿತು. ನಾಲ್ಕು ಗೋಡೆಯೊಳಗೆ ಹದಿನಾರು ಜನ ನಿಂತಿದ್ದರು. ಕೇಳಲೇಬೇಕಿದ್ದ ಒಂದು ಪ್ರಶ್ನೆಯನ್ನು ಅಲ್ಲಿ ಕೇಳುವಂತಿರಲಿಲ್ಲ.

“ಒಂದು ನಿಮಿಷ, ಒಲೆ ಮೇಲೆ ಹಾಲಿದೆ,” ಎಂದಳು ಅಮ್ಮ.

ಪರದೆಯ ಹಿಂದೆ ನಾಲ್ಕು ಜನ ಒತ್ತಾಗಿ ನಿಂತರು. ಒಲೆಯ ಮೇಲೆ ಏನೂ ಇರಲಿಲ್ಲ.

“ಎರಡು ಸೇರಿಸ್ಲಿಲ್ವಾ ನೀನು?” ಅಮ್ಮನ ದನಿ ಗಂಟಲಲ್ಲೇ ಇತ್ತು.

“ಯಾವ ಎರಡು?” ಎಂದಳು ಅತ್ತಿಗೆ.

“ಯಾವ ಎರಡಂತೆ! ಕೇಳು ಇವಳ ಮಾತು,” ಅಜ್ಜಿ ಪಿಸುಗುಟ್ಟಿದಳು. ಅಜ್ಜಿಯ ಪಿಸುಮಾತು ಬೀದಿಗೆ ಕೇಳುವಂಥದ್ದು. ಅಮ್ಮ ನಲ್ಲಿ ತಿರುಗಿಸಿ ನೀರು ಬಿಟ್ಟಳು. “ಎರಡು ಕಡಿಮೆ ಕೂಗೋದು, ಎರಡು ಸೇರಿಸಿ ಬರೆಯೋದು. ಇವಳಿಗೆ ಹೇಳ್ಕೊಟ್ಟಿಲ್ವಾ?”

“ಸೂಜಿಗೆ ಹೇಳಿದ್ದೆ. ಎಲ್ಲಾ ಹೇಳ್ಕೊಡು ಅಂತ.”

ಮೂವರೂ ಸೂಜಿಯ ಕಡೆ ತಿರುಗಿದರು. ನೀರು ಪಾತ್ರೆ ತುಂಬಿ ಹರಿಯುತ್ತಿತ್ತು.

“ಹೇಳಿದ್ಯಾ ಸೂಜಿ?” ಅತ್ತಿಗೆ ಕೇಳಿದಳು. “ಹೇಳಿದ್ರೆ ಹೇಳು. ನಾನೇ ಕಿವಿಗೆ ಹಾಕ್ಕೊಂಡಿಲ್ಲ ಅಂತ ಒಪ್ಕೋತೀನಿ.”

ಸೂಜಿ ನೆಲ ನೋಡಿದಳು. ಬಾಯಿ ತೆರೆದಳು ಕೂಡ.

“ಹೇಳದೆ ಇರ್ತಾಳಾ?” ಎಂದಳು ಅಜ್ಜಿ. “ಅಮ್ಮ ಹೇಳಿದ ಒಂದು ಮಾತು ಇವತ್ತಿನವರೆಗೆ ತೆಗೆದುಹಾಕಿದ ಹುಡುಗಿ ಅಲ್ಲ ಅದು. ಹೇಳಿರ್ತಾಳೆ. ಇವಳ ತಲೆ ಆ ಚಿತ್ರಗಳ ಮೇಲಿತ್ತು.”

ತೆರೆದ ಬಾಯಿ ಮುಚ್ಚಿತು. ಚಿಕ್ಕಂದಿನಿಂದ ಅವಳು ಸುಮ್ಮನಿದ್ದರೆ ಮನೆಯವರು ಅದನ್ನು ಹೌದು ಎಂದೇ ತಿಳಿಯುತ್ತಿದ್ದರು. ಅವತ್ತೂ ಹಾಗೇ ತಿಳಿದರು.

ಅತ್ತಿಗೆ ಹಣೆ ಉಜ್ಜಿಕೊಂಡಳು. “ಇರಬಹುದು. ಬಟಾಣಿ ಸುಲಿಯೋವಾಗ ಏನೋ ಹೇಳೋಕೆ ಬಂದಿದ್ದೆ, ಅಲ್ವಾ? ನಾನೇ ಮಧ್ಯೆ ಬಾಯಿ ಹಾಕಿದ್ನೇನೋ,” ಎಂದು, ಅಷ್ಟಕ್ಕೆ ಬಿಟ್ಟು, ನಲ್ಲಿ ನಿಲ್ಲಿಸಿದಳು. “ಅದು ಆಮೇಲೆ. ಈಗ ಸ್ಕರ್ಟಿಗೆ ಏನು ಮಾಡೋದು?”

“ನೆರಿಗೆ ಲಂಗ ಆಗಿದ್ರೆ ಎರಡಿಂಚು ಹೊಟ್ಟೆಗೆ ಹಾಕ್ಕೊಳ್ತಿತ್ತು,” ಎಂದಳು ಅಜ್ಜಿ.

ಬಿಚ್ಚಿ ದೊಡ್ಡದು ಮಾಡಲು ಒಳಗೆ ಬಟ್ಟೆ ಇರಲಿಲ್ಲ. ಹೊಸದಾಗಿ ಮಾಡಲು ಹಸಿರು ಬಟ್ಟೆ ಸಿಗುವಂತಿರಲಿಲ್ಲ. ದಾರಿ ಕಂಡದ್ದೂ ಅತ್ತಿಗೆಗೇ. ಸ್ಕರ್ಟಿನ ಎರಡೂ ಪಕ್ಕ ಬಿಚ್ಚಿ, ಮೇಲಿನಿಂದ ಕೆಳಗಿನವರೆಗೆ ಒಂದೊಂದು ಇಂಚಿನ ಕಪ್ಪು ಪಟ್ಟಿ ಕೂರಿಸುವುದು. ಪರದೆ ಸರಿಸಿ ಹೊರಗೆ ಬಂದು ಅವಳು, ಮೊದಲಿನಿಂದ ಅದೇ ಯೋಚನೆ ಇದ್ದವಳ ಹಾಗೆ, ಹಾಡಿನವರಿಗೆ ವಿವರಿಸಿದಳು. “ಪಕ್ಕದಲ್ಲಿ ಉದ್ದಕ್ಕೆ ಕಪ್ಪು ಗೆರೆ ಬಂದ್ರೆ ಎಲ್ರೂ ಎತ್ತರ ಕಾಣ್ತೀರಿ. ಹಸಿರು ಮಾತ್ರ ಇದ್ರೆ ಸಪ್ಪೆ.” ಆರು ದಿನದಲ್ಲಿ ಹನ್ನೊಂದೂ ಮುಗಿದವು. ಹಾಡಿನವರು ಕನ್ನಡಿಯ ಮುಂದಿನಿಂದ ಸರಿಯಲು ಒಪ್ಪಲಿಲ್ಲ. ಕಾರ್ಯಕ್ರಮ ಚೆನ್ನಾಗಿ ಆಯಿತಂತೆ.

ಸ್ಕರ್ಟು ಸರಿಯಾಯಿತು. ಮನೆ ಸರಿಯಾಗಲಿಲ್ಲ.

“ಕೈ ಇದೆ ಅವಳಿಗೆ. ಕಿವಿ ಇಲ್ಲ,” ಎಂದು ಅಜ್ಜಿ ಒಂದು ದಿನ ಅಂದಳು. ಆ ಮಾತು ಮನೆಗೆ ಹಿಡಿದುಕೊಂಡಿತು. ಸೊಪ್ಪಿಗೆ ಉಪ್ಪು ಜಾಸ್ತಿಯಾದರೆ, ಬಾಗಿಲು ಹಾಕುವುದು ಮರೆತರೆ, ದಾರದ ಬಣ್ಣ ತಪ್ಪಿದರೆ, ಕಿವಿ ಇಲ್ಲ. ಅಮ್ಮ ಜೋರು ಮಾಡಲಿಲ್ಲ. ಪುಸ್ತಕವನ್ನು ಮಾತ್ರ ಅತ್ತಿಗೆಯ ಮೇಜಿನಿಂದ ಎತ್ತಿ ತನ್ನ ಮೆಷಿನ್ನಿನ ಡ್ರಾಯರಿನಲ್ಲಿಟ್ಟುಕೊಂಡಳು. ತಲೆಯಿಲ್ಲದ ಐವರ ಚಿತ್ರವನ್ನು ಯಾರೋ ಗೋಡೆಯಿಂದ ತೆಗೆದು ಮಡಿಸಿ ಮೂಲೆಯಲ್ಲಿಟ್ಟಿದ್ದರು. ಅತ್ತಿಗೆ ಅದನ್ನು ಯಾರು ತೆಗೆದರೆಂದು ಕೇಳಲಿಲ್ಲ. ಅವಳ ಮಾತು ಕಡಿಮೆಯಾಯಿತು. ಹೇಳಿದ್ದನ್ನು ಎರಡೆರಡು ಸಲ ಕೇಳಿ, ಕೈಯ ಮೇಲೆ ಪೆನ್ನಿನಲ್ಲಿ ಗುರುತು ಮಾಡಿಕೊಳ್ಳತೊಡಗಿದಳು.

“ಇದೇನೇ ಕೈ ತುಂಬಾ?” ಅಣ್ಣ ಕೇಳಿದ.

“ಮರೆವು ಜಾಸ್ತಿ ಆಗಿದೆ ರೀ ನಂಗೆ.”

ಸೂಜಿ ಅವತ್ತು ಊಟ ಬಿಟ್ಟಳು. ದಿನಚರಿಯಲ್ಲಿ ‘ಹೇಳಿಬಿಡುತ್ತೇನೆ’ ಎಂದು ಬರೆದಳು. ಮರುದಿನ ಬಟ್ಟೆ ಒಗೆಯುವಾಗ ಅತ್ತಿಗೆಯ ಪಕ್ಕ ಕೂತು “ಅತ್ತಿಗೆ” ಎಂದಳು. “ಏನು?” ಎಂದಳು ಅತ್ತಿಗೆ. “ಸೋಪು ಕೊಡಿ,” ಎಂದಳು ಸೂಜಿ. ಇನ್ನೊಂದು ದಿನ ಚೀಟಿ ಬರೆದು ಅತ್ತಿಗೆಯ ಕೈಚೀಲದಲ್ಲಿ ಹಾಕಿ, ಅರ್ಧ ಗಂಟೆ ಕಳೆದು ತೆಗೆದುಕೊಂಡಳು. ಆ ಚೀಟಿ ದಿನಚರಿಯೊಳಗೆ ಸೇರಿತು.

ಒಂದು ಸಂಜೆ, ಅಜ್ಜಿ ಮತ್ತೆ ಅದೇ ಮಾತು ಆಡಿದಾಗ, ಅಣ್ಣ ಚಮಚ ಕೆಳಗಿಟ್ಟ.

“ಸಾಕು ಅಜ್ಜಿ. ಕಿವಿ ಇಲ್ಲದೇ ಇದ್ದಿದ್ರೆ ಇಷ್ಟು ದಿನ ನಿನ್ನ ಮಾತು ಕೇಳಿಸ್ಕೊಂಡು ಇರ್ತಿದ್ಲಾ?”

“ನಾನೇನು ಸುಳ್ಳು ಹೇಳಿದ್ನಾ?”

“ಅವಳ ಹಳೇ ಅಂಗಡಿಯವರು ವಾಪಸ್ ಬಾ ಅಂದಿದ್ದಾರೆ. ಸೋಮವಾರದಿಂದ ಹೋಗ್ತಾಳೆ. ಇಲ್ಲಿಂದ ಓಡಾಡೋಕೆ ದೂರ. ಅಲ್ಲೇ ಹತ್ರ ಒಂದು ರೂಮು ನೋಡಿದ್ದೀವಿ.”

ಅಮ್ಮ ಬ್ರೆಡ್ಡಿನ ತುಂಡು ಹಿಡಿದೇ ಕೂತಳು. “ನೋಡಿದ್ದೀವಿ ಅಂದ್ರೆ ಇಬ್ರೂನಾ?”

“ಮತ್ತೆ ಅವಳೊಬ್ಳೇ ಹೋಗ್ಲಾ?”

“ಒಂದು ಸ್ಕರ್ಟಿನ ತಪ್ಪಿಗೆ ಮನೆ ಬಿಟ್ಟು ಹೋಗ್ತಾರೇನೋ?”

“ಹನ್ನೊಂದು ಸ್ಕರ್ಟು,” ಎಂದಳು ಅಜ್ಜಿ.

“ನೋಡಿದ್ಯಾ?” ಎಂದು ಅಣ್ಣ ಎದ್ದುಹೋದ.

ಅತ್ತಿಗೆ ಎಲ್ಲರ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಳು. “ಜಗಳ ಬೇಡ ಅತ್ತೆ. ನಾನು ಸರಿಯಾಗಿ ಕೇಳಿಸ್ಕೊಂಡಿದ್ರೆ ಇದೆಲ್ಲಾ ಆಗ್ತಿರ್ಲಿಲ್ಲ. ಅಲ್ಲಿ ಚೀಟಿಯ ಮೇಲೆ ಸೈಜು ಅಚ್ಚು ಹಾಕಿರ್ತಾರೆ. ನನಗೆ ಅದೇ ಸರಿ.”

ಅದೇ ವಾರ ಸೂಜಿಗೆ ಪತ್ರ ಬಂತು. ಪರೀಕ್ಷೆಯಲ್ಲಿ ಪಾಸಾಗಿದ್ದಳು; ಬುಧವಾರ ಇಂಟರ್‌ವ್ಯೂ. ಮನೆಯಲ್ಲಿ ಖುಷಿ ಪಡಲು ಯಾರಿಗೂ ಪುರುಸೊತ್ತಿರಲಿಲ್ಲ. ಪತ್ರವನ್ನು ಎರಡು ಸಲ ಓದಿದವಳು ಅತ್ತಿಗೆಯೊಬ್ಬಳೇ.

ಶನಿವಾರ ಬೆಳಿಗ್ಗೆ ಪರದೆಯ ಪಕ್ಕ ಎರಡು ಪೆಟ್ಟಿಗೆ ಕಟ್ಟಿ ಇಟ್ಟಾಗಿತ್ತು. ಹಾಡಿನ ಟೀಚರು ಇನ್ನೂ ಮೂವರನ್ನು ಕರೆದುಕೊಂಡು ಬಂದು ಬೆಂಚಿನ ಮೇಲೆ ಕೂತಿದ್ದಳು. ಬೇರೊಂದು ಗುಂಪಿಗೂ ಅಂಥದೇ ಸ್ಕರ್ಟು, ಪಕ್ಕದಲ್ಲಿ ಕಪ್ಪು ಪಟ್ಟಿ ಇರುವಂಥದೇ, ಬೇಕಿತ್ತು.

“ಅವತ್ತು ವಿವರಿಸಿದ್ರಲ್ಲ, ಅವರೇ ಕತ್ತರಿಸ್ಲಿ,” ಎಂದಳು ಟೀಚರು.

“ಅವಳು ಸೋಮವಾರದಿಂದ ಇಲ್ಲಿರಲ್ಲ,” ಎಂದಳು ಅಮ್ಮ, ತಲೆ ಎತ್ತದೆ.

“ಹೋಗೋಕೆ ಮುಂಚೆ ಒಂದು ಕೆಲಸ ಇದೆ ಅತ್ತೆ,” ಎಂದು ಅತ್ತಿಗೆ ಕೊರಳಿಗೆ ಟೇಪು ಹಾಕಿಕೊಂಡು ಬಂದಳು. ಕೈಯಲ್ಲಿ ಕಂದು ಬಣ್ಣದ ಬಟ್ಟೆ ಇತ್ತು. “ಸೂಜಿಗೊಂದು ಎ-ಲೈನ್ ಕತ್ತರಿಸಿಟ್ಟು ಹೋಗ್ತೀನಿ, ನೀವು ಹೊಲಿದುಬಿಡಿ. ಇಂಟರ್‌ವ್ಯೂಗೆ ಆ ಗುಡಾರ ಹಾಕ್ಕೊಂಡು ಹೋಗೋದು ಬೇಡ. ಬಾರೇ ಇಲ್ಲಿ. ನೇರ ನಿಲ್ಲು. ಪುಸ್ತಕ ತೆಗೀತೀರಾ ಅತ್ತೆ?”

ಅಮ್ಮ ಡ್ರಾಯರು ಎಳೆದು ಪುಸ್ತಕ ತೆಗೆದಳು. ಹೊಸ ಪುಟ ಬಿಡಿಸಿ, ಮಗಳ ಹೆಸರು ಬರೆದಳು. ಕಿಟಕಿಯ ಪಕ್ಕ ಅಜ್ಜಿಯ ಮೆಷಿನ್ನು ಓಡುತ್ತಿತ್ತು. ಬೆಂಚಿನ ಮೇಲಿದ್ದ ನಾಲ್ವರಿಗೂ ನೋಡಲು ಬೇರೇನೂ ಇರಲಿಲ್ಲ. ಎಲ್ಲರೂ ಸೂಜಿಯನ್ನೇ ನೋಡುತ್ತಿದ್ದರು.

ಟೇಪು ಸೊಂಟ ಸುತ್ತಿ ಬಂತು. ಈ ಸಲ ಸೂಜಿ ಕಣ್ಣು ಮುಚ್ಚಲಿಲ್ಲ. ಕೆಳಗೆ ನೋಡಿದಳು. ಅತ್ತಿಗೆಯ ಹೆಬ್ಬೆರಳಿನ ಉಗುರು ಮೂವತ್ತೆರಡರ ಮೇಲಿತ್ತು. ಟೇಪು ಜಾರಿ ಹಿಪ್ಪಿಗೆ ಬಂತು. ಉಗುರು ನಲವತ್ತೊಂದರ ಮೇಲೆ ನಿಂತಿತು.

ಅತ್ತಿಗೆ ಬೆಂಚಿನ ಕಡೆಗೊಮ್ಮೆ ಕಣ್ಣು ಹಾಯಿಸಿ, ಸ್ಪಷ್ಟವಾಗಿ ಕೂಗಿದಳು. “ಸೊಂಟ ಮೂವತ್ತು. ಹಿಪ್ಪು ಮೂವತ್ತೊಂಬತ್ತು.”

ಅಮ್ಮನ ಪೆನ್ಸಿಲು ಎರಡೆರಡು ಸೇರಿಸಿ ಬರೆಯತೊಡಗಿತು. ಬೆಂಚಿನ ಮೇಲಿನವರು ಬೇರೆ ಮಾತಿಗೆ ಹೊರಳಿದರು. ಕೈಯ ಮೇಲೆ ಪೆನ್ನಿನ ಗುರುತು ತುಂಬಿದ್ದ, ಕಿವಿ ಇಲ್ಲ ಎನ್ನಿಸಿಕೊಂಡ ಅತ್ತಿಗೆ, ಯಾರೂ ನೆನಪಿಸದೆ, ಮನೆಯ ಪದ್ಧತಿಯನ್ನು ಒಂದಿಂಚೂ ತಪ್ಪದೆ ಪಾಲಿಸಿದ್ದಳು. ಅದೂ ಸೂಜಿಯ ಮಾನಕ್ಕಾಗಿ. ಟೇಪು ಮಡಿಸುತ್ತ, ಅವಳಿಗೆ ಮಾತ್ರ ಕಾಣುವ ಹಾಗೆ ಕಣ್ಣು ಮಿಟುಕಿಸಿದಳು.

“ಮೂವತ್ತೆರಡು,” ಎಂದಳು ಸೂಜಿ.

ದನಿ ಸಣ್ಣದಾಗಿತ್ತು. ಅಮ್ಮನಿಗೆ ಕೇಳಲಿಲ್ಲ. “ಏನೇ?”

“ಸೊಂಟ ಮೂವತ್ತೆರಡು. ಹಿಪ್ಪು ನಲವತ್ತೊಂದು.”

ಅಜ್ಜಿಯ ಮೆಷಿನ್ನು ನಿಂತಿತು. ಬೆಂಚಿನ ಮೇಲಿನ ಮಾತೂ ನಿಂತಿತು.

“ಸೂಜಿ,” ಅಮ್ಮ ನಗುವ ಪ್ರಯತ್ನ ಮಾಡಿದಳು. “ಗಿರಾಕಿಗಳಿದ್ದಾರೆ. ಸುಮ್ನಿರು.”

“ಸುಮ್ನೆ ಇದ್ದಿದ್ದಕ್ಕೇ ಅಲ್ವಾಮ್ಮ ಇಷ್ಟೆಲ್ಲಾ ಆಗಿದ್ದು?” ಎಂದಳು ಸೂಜಿ. ಅವಳ ಕಿವಿ ಕೆಂಪಾಗಿತ್ತು. ಆದರೆ ದನಿ ಈಗ ಬೆಂಚನ್ನು ದಾಟಿ, ಪರದೆಯ ಪಕ್ಕದ ಪೆಟ್ಟಿಗೆಗಳನ್ನೂ ದಾಟಿ, ಬಾಗಿಲವರೆಗೆ ಹೋಗುತ್ತಿತ್ತು. “ಕೂಗಿದ್ದಕ್ಕೆ ಎರಡು ಸೇರಿಸಿ ಬರೀಬೇಕು ಅಂತ ನಾನು ಅತ್ತಿಗೆಗೆ ಹೇಳೇ ಇರ್ಲಿಲ್ಲ.”